ಎಂಜಿನ್ ವಾಲಿದರೆ ಬೆಲ್ಟಿಗೆ ಬಿಸಿ

ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಹೋದ ಮಕ್ಕಳು ಸರದಿಗಾಗಿ ಕಾಯುತ್ತ ನಿಂತಾಗ ಒಂದು ಸಂಗತಿಯನ್ನು ಗಮನಿಸಿರಬಹುದು. ಮೂಲೆಯಲ್ಲಿ ಮೋಟಾರು, ಅದರಿಂದ ಸ್ವಲ್ಪ ದೂರದಲ್ಲಿ ಬೀಸುವ ಯಂತ್ರ, ಎರಡರ ನಡುವೆ ಪಟಪಟನೆ ಓಡುವ ಬೆಲ್ಟು. ಎಲ್ಲ ಸರಿಯಿದ್ದಾಗ ಬೆಲ್ಟು ರಾಟೆಗಳ ಮೇಲೆ ಗೆರೆ ಎಳೆದ ಹಾಗೆ ಓಡುತ್ತದೆ. ಕೆಲವೊಮ್ಮೆ ಮಾತ್ರ ಒಂದು ಮಗ್ಗುಲಿಗೆ ಸರಿದು ಸರಿದು ಕೊನೆಗೆ ಕಳಚಿ ಬೀಳುತ್ತದೆ. ಆಗ ಗಿರಣಿಯವನು ಬೆಲ್ಟನ್ನು ಬೈಯುವುದಿಲ್ಲ. ಸ್ವಿಚ್ಚು ಆರಿಸಿ, ನೆಲಕ್ಕೆ ಕೂತು, ಮೋಟಾರಿನ ಬುಡದ ಬೋಲ್ಟುಗಳನ್ನು ಸ್ಪಾನರಿನಿಂದ ಪರೀಕ್ಷಿಸುತ್ತಾನೆ. ಅವುಗಳಲ್ಲೊಂದು ಸಡಿಲವಾಗಿರುತ್ತದೆ. ಒಂದು ದಾರವನ್ನು ಎರಡೂ ರಾಟೆಗಳ ಮುಖಕ್ಕೆ ತಾಗುವಂತೆ ಬಿಗಿಯಾಗಿ ಹಿಡಿದು, ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ, ಮೋಟಾರನ್ನು ಕೊಂಚ ತಳ್ಳಿ, ಬೋಲ್ಟು ಬಿಗಿಯುತ್ತಾನೆ. ರೋಗ ಬೆಲ್ಟಿನಲ್ಲಿ ಕಾಣಿಸಿಕೊಂಡರೂ ಅದರ ಬೇರು ಮೋಟಾರು ಕೂತ ಜಾಗದಲ್ಲಿದೆ ಎಂಬುದು ಅವನಿಗೆ ಗೊತ್ತು.

ಇದೇ ರೋಗ, ಇದೇ ದಾರದ ಪರೀಕ್ಷೆ, ಸಾವಿರಾರು ಮೈಲು ದೂರದ ಹಿಮನಾಡಿನ ವಾಹನವೊಂದರಲ್ಲೂ ಇದೆ. ಅಲ್ಲಿ ಮೋಟಾರನ್ನು ಬಿಗಿದು ಕೂರಿಸಿಬಿಟ್ಟರೆ ಮುಗಿಯುವುದಿಲ್ಲ ಎಂಬುದೇ ತೊಡಕು.

ಆ ವಾಹನದ ಹೆಸರು ಸ್ನೋಮೊಬೈಲ್. ನಮ್ಮಲ್ಲಿ ಇದನ್ನು ಸ್ನೋ ಸ್ಕೂಟರ್ ಎನ್ನುವುದೇ ರೂಢಿ. ಗುಲ್ಮಾರ್ಗಿಗೆ ಪ್ರವಾಸ ಹೋದವರು ಇದರ ಮೇಲೆ ಕೂತು ಫೋಟೋ ತೆಗೆಸಿಕೊಂಡಿರುತ್ತಾರೆ. ಸಿಯಾಚಿನ್ ನೀರ್ಗಲ್ಲಿನ ಮೇಲೆ ನಮ್ಮ ಸೈನಿಕರು ಇದನ್ನು ಬಳಸುತ್ತಾರೆ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿಗಳು, ಹಿಂದೆ ಟ್ಯಾಂಕಿಗೆ ಇರುವಂತೆ ಒಂದು ಅಗಲವಾದ ಸುತ್ತುಪಟ್ಟಿ. ಟ್ಯಾಂಕಿನದು ಉಕ್ಕು, ಇದರದು ರಬ್ಬರು.

ಹಿಮದ ಮೇಲೆ ಓಡುವ ಬಂಡಿಯ ಹಿಂದೆ ಒಂದು ಮನೆಯ ದುಃಖವೂ ಇದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ವಾಲ್‌ಕೂರ್ ಎಂಬ ಊರಿನಲ್ಲಿ 1907ರಲ್ಲಿ ಹುಟ್ಟಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಚಿಕ್ಕಂದಿನಿಂದಲೂ ಯಂತ್ರದ ಹುಚ್ಚಿನವನು. 15ನೆಯ ವಯಸ್ಸಿಗೇ ಹಳೆಯ ಫೋರ್ಡ್ ಎಂಜಿನ್ನಿಗೆ ವಿಮಾನದ ಪಂಖದಂಥದ್ದನ್ನು ಜೋಡಿಸಿ, ಜಾರುಬಂಡಿಯನ್ನು ಹಿಮದ ಮೇಲೆ ಓಡಿಸಿದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯಿತು. ರಸ್ತೆಗಳೆಲ್ಲ ಹಿಮದಡಿ ಮುಚ್ಚಿಹೋಗಿದ್ದವು. ಆಸ್ಪತ್ರೆಗೆ ಕರೆದೊಯ್ಯಲು ದಾರಿಯಿಲ್ಲದೆ ಮಗು ತೀರಿಕೊಂಡಿತು. ಮೂರು ವರ್ಷಗಳ ನಂತರ, 1937ರಲ್ಲಿ, ಹಲ್ಲುಚಕ್ರದಿಂದ ಸುತ್ತುಪಟ್ಟಿಯನ್ನು ಓಡಿಸುವ ತನ್ನ ಏರ್ಪಾಡಿಗೆ ಬೊಂಬಾರ್ಡಿಯರ್ ಪೇಟೆಂಟ್ ಪಡೆದ. ಆಗಿನವು ಹಲವು ಜನ ಕೂರುವ ದೊಡ್ಡ ಬಂಡಿಗಳು. ಒಬ್ಬಿಬ್ಬರು ಕೂತು ಓಡಿಸುವ ಪುಟ್ಟ ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಅದರ ಎಂಜಿನ್ 7 ಅಶ್ವಶಕ್ತಿಯದು, ಹೆಚ್ಚುಕಡಿಮೆ ಇವತ್ತಿನ ನಮ್ಮ ಸ್ಕೂಟರಿನಷ್ಟೇ. ಇಂದು ಬೆಟ್ಟ ಹತ್ತುವ ಸ್ನೋಮೊಬೈಲುಗಳ ಎಂಜಿನ್ 850 ಸಿ.ಸಿ. ಅಥವಾ ಅದಕ್ಕೂ ಹೆಚ್ಚು ಇರಬಹುದು, 150 ಅಶ್ವಶಕ್ತಿಗೂ ಮೇಲೆ ಹೋಗುತ್ತದೆ. ಶಕ್ತಿ ಇಪ್ಪತ್ತು ಪಟ್ಟು ಏರಿದೆ. ಆದರೆ ಆ ಶಕ್ತಿಯನ್ನು ಎಂಜಿನ್ನಿನಿಂದ ಹಿಂದಕ್ಕೆ ಸಾಗಿಸುವುದು ಈಗಲೂ ಒಂದು ರಬ್ಬರ್ ಬೆಲ್ಟೇ.

ಆ ಬೆಲ್ಟಿನ ವ್ಯವಸ್ಥೆಯನ್ನು ಅರಿಯಲು ಕೆನಡಾಕ್ಕೆ ಹೋಗಬೇಕಿಲ್ಲ. 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ, ಆಮೇಲೆ ಬಂದ ಆಕ್ಟಿವಾ ಮುಂತಾದ ಗೇರಿಲ್ಲದ ಸ್ಕೂಟರುಗಳ ಎಡಮಗ್ಗುಲಲ್ಲಿ ಉದ್ದನೆಯ ಪೆಟ್ಟಿಗೆಯೊಂದಿದೆಯಲ್ಲ, ಅದರೊಳಗೆ ಇರುವುದೂ ಇದೇ. ಮುಂದೊಂದು ರಾಟೆ, ಹಿಂದೊಂದು ರಾಟೆ, ನಡುವೆ ವಿ ಆಕಾರದ ಬೆಲ್ಟು. ಒಂದೊಂದು ರಾಟೆಯೂ ಎರಡು ತಟ್ಟೆಗಳಿಂದ ಆದದ್ದು. ತಟ್ಟೆಗಳ ಒಳಮುಖ ಶಂಕುವಿನಂತೆ ಓರೆಯಾಗಿದೆ. ಎರಡರಲ್ಲಿ ಒಂದು ತಟ್ಟೆ ಅಲುಗದು, ಇನ್ನೊಂದು ದಂಡದ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಎಂಜಿನ್ ಜೋರಾಗಿ ತಿರುಗಿದಾಗ ಮುಂದಿನ ರಾಟೆಯೊಳಗಿನ ತೂಕಗಳು ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಸಿಡಿಯಲು ನೋಡುತ್ತವೆ, ಸರಿಯುವ ತಟ್ಟೆಯನ್ನು ಒತ್ತುತ್ತವೆ. ತಟ್ಟೆಗಳು ಹತ್ತಿರವಾದಂತೆ ನಡುವಿನ ಬೆಲ್ಟು ಓರೆಯನ್ನು ಹತ್ತಿ ಹೊರಅಂಚಿಗೆ ಬರುತ್ತದೆ, ರಾಟೆ ದೊಡ್ಡದಾದಂತಾಯಿತು. ಬೆಲ್ಟಿನ ಉದ್ದ ಅಷ್ಟೇ ಇರುವುದರಿಂದ ಹಿಂದಿನ ರಾಟೆಯ ತಟ್ಟೆಗಳು ಸ್ಪ್ರಿಂಗನ್ನು ಮಣಿಸಿ ದೂರ ಸರಿಯುತ್ತವೆ, ಬೆಲ್ಟು ಅಲ್ಲಿ ಒಳಕ್ಕೆ ಇಳಿಯುತ್ತದೆ, ಆ ರಾಟೆ ಚಿಕ್ಕದಾಗುತ್ತದೆ. ಸೈಕಲ್ಲಿನ ಗೇರು ಮೆಟ್ಟಿಲು ಮೆಟ್ಟಿಲಾಗಿ ಬದಲಾದರೆ ಇದು ಇಳಿಜಾರಿನಂತೆ ಬದಲಾಗುತ್ತದೆ. ನೆದರ್ಲೆಂಡ್ಸಿನ ಹುಬ್ ವಾನ್ ಡೋರ್ನೆ 1958ರಲ್ಲಿ ಡಾಫ್ ಕಾರಿಗೆ ಇಂಥದೇ ಬೆಲ್ಟುಗಳನ್ನು ಹಾಕಿ ತೋರಿಸಿದಾಗ ಗೇರುಕೋಲಿಗೆ ಒಗ್ಗಿದ್ದವರಿಗೆಲ್ಲ ಅಚ್ಚರಿಯಾಗಿತ್ತು.

ಸ್ನೋಮೊಬೈಲಿನವರು ಈ ಎರಡು ರಾಟೆಗಳನ್ನೇ ಕ್ಲಚ್ಚುಗಳು ಎಂದು ಕರೆಯುತ್ತಾರೆ. ಮುಂದಿನದು ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಯಲ್ಲಿದೆ. ಹಿಂದಿನದು ಇನ್ನೊಂದು ಅಡ್ಡದಂಡದ ಮೇಲಿದೆ. ಆ ಅಡ್ಡದಂಡದಿಂದ ಚೈನಿನ ಮೂಲಕ ಸುತ್ತುಪಟ್ಟಿಗೆ ಶಕ್ತಿ ಹೋಗುತ್ತದೆ.

ಇಲ್ಲಿ ಒಂದು ಜಾಣತನ ಅಡಗಿದೆ. ಒಂದು ತಟ್ಟೆ ಮಾತ್ರ ಸರಿಯುವುದರಿಂದ ಬೆಲ್ಟು ಮೇಲೆ ಹತ್ತುವಾಗ ಪಕ್ಕಕ್ಕೂ ಸ್ವಲ್ಪ ಸರಿಯಲೇಬೇಕು. ಮುಂದಿನ ಕ್ಲಚ್ಚಿನಲ್ಲಿ ಎಡತಟ್ಟೆ ಅಲುಗದ್ದಾದರೆ ಹಿಂದಿನದರಲ್ಲಿ ಬಲತಟ್ಟೆ ಅಲುಗದ್ದು, ಹೀಗೆ ಎದುರುಬದುರಾಗಿ ಇಡುತ್ತಾರೆ. ಆಗ ಎರಡೂ ಕಡೆ ಬೆಲ್ಟು ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಅಷ್ಟೇ ಸರಿದು, ತಾನು ಮಾತ್ರ ನೇರವಾಗಿಯೇ ಉಳಿಯುತ್ತದೆ. ಎರಡು ಕ್ಲಚ್ಚುಗಳೂ ತಂತಮ್ಮ ಜಾಗದಲ್ಲಿ ಪರಸ್ಪರ ಸಮಾನಾಂತರವಾಗಿ ನಿಂತಿದ್ದರಷ್ಟೇ ಈ ಲೆಕ್ಕ ಕೂಡಿಬರುತ್ತದೆ.

ಸ್ಕೂಟರಿನಲ್ಲಿ ಈ ಚಿಂತೆಯೇ ಇಲ್ಲ. ಅಲ್ಲಿ ಎಂಜಿನ್, ಮುಂದಿನ ರಾಟೆ, ಹಿಂದಿನ ರಾಟೆ, ಹಿಂದಿನ ಗಾಲಿ ಎಲ್ಲವೂ ಒಂದೇ ಲೋಹದ ಪೆಟ್ಟಿಗೆಗೆ ಅಂಟಿಕೊಂಡಿವೆ. ರಸ್ತೆಯ ಗುಂಡಿಗೆ ಗಾಲಿ ಕುಪ್ಪಳಿಸಿದರೆ ಇಡೀ ಪೆಟ್ಟಿಗೆಯೇ ಏರಿಳಿಯುತ್ತದೆ, ರಾಟೆಗಳ ಸಂಬಂಧ ಕೆಡುವುದಿಲ್ಲ. ಸ್ನೋಮೊಬೈಲಿನಲ್ಲಿ ಹಾಗಲ್ಲ. ಮುಂದಿನ ಕ್ಲಚ್ಚು ಎಂಜಿನ್ನಿಗೆ ಸೇರಿದ್ದು, ಹಿಂದಿನದು ವಾಹನದ ಮೈಗೆ ಸೇರಿದ್ದು. ಒಂದೇ ಸೂರಿನಡಿ ಎರಡು ಮನೆ. ಈ ಎರಡು ಮನೆಗಳ ನಡುವೆ ಇರುವುದು ಮೂರೋ ನಾಲ್ಕೋ ರಬ್ಬರ್ ತುಂಡುಗಳು. ಅವುಗಳನ್ನೇ ಎಂಜಿನ್ ಮೌಂಟಿಂಗ್ ಎನ್ನುವುದು. ಕಾರಿನ ಮೆಕ್ಯಾನಿಕ್ಕು ‘ಮೌಂಟಿಂಗ್ ರಬ್ಬರ್ ಹೋಗಿದೆ, ಹಾಕಿಸಿ’ ಎಂದು ಹೇಳಿದ್ದನ್ನು ಕೆಲವು ತಂದೆತಾಯಿಗಳಾದರೂ ಕೇಳಿರುತ್ತೀರಿ. ಎರಡು ಲೋಹದ ತುಂಡುಗಳ ನಡುವೆ ರಬ್ಬರನ್ನು ಬೆಸೆದು ಮಾಡಿದ ಸಾಧಾರಣ ವಸ್ತು ಅದು.

ರಬ್ಬರು ಏಕೆ ಬೇಕು? ಗಿರಣಿಯ ಮೋಟಾರಿನಂತೆ ಎಂಜಿನ್ನನ್ನೂ ನೇರವಾಗಿ ಲೋಹಕ್ಕೆ ಬಿಗಿಯಬಾರದೇ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಿದ್ಯುತ್ ಮೋಟಾರು ನುಣ್ಣಗೆ ತಿರುಗುತ್ತದೆ. ಪಿಸ್ಟನ್ನಿನ ಎಂಜಿನ್ ಹಾಗಲ್ಲ. ಸ್ನೋಮೊಬೈಲಿನಲ್ಲಿ ಸಾಮಾನ್ಯವಾಗಿರುವ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಮೇಲೆ ಹೋದಾಗ ಇನ್ನೊಂದು ಕೆಳಗೆ ಬರುತ್ತದೆ. ಮೇಲಿನ ಎಳೆತವೂ ಕೆಳಗಿನ ಎಳೆತವೂ ವಜಾ ಆದವು ಎಂದುಕೊಳ್ಳುವ ಹಾಗಿಲ್ಲ. ಅವೆರಡೂ ಒಂದೇ ಜಾಗದಲ್ಲಿಲ್ಲ, ಅಕ್ಕಪಕ್ಕದಲ್ಲಿವೆ. ಆದ್ದರಿಂದ ಎಂಜಿನ್ನಿನ ಎರಡು ತುದಿಗಳು ಮಕ್ಕಳಾಟದ ಏರುಪೇರು ಹಲಗೆಯಂತೆ ತೂಗಾಡುತ್ತವೆ. ಎಂಜಿನ್ ಸುಮ್ಮನೆ ಗುರುಗುಟ್ಟುತ್ತಿರುವಾಗ ಇದು ಸೆಕೆಂಡಿಗೆ ಸುಮಾರು 25 ಸಲ, ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಸೆಕೆಂಡಿಗೆ 133 ಸಲ. ಇದನ್ನು ಹಾಗೆಯೇ ವಾಹನದ ಅಲ್ಯೂಮಿನಿಯಂ ಮೈಗೆ ಬಿಟ್ಟರೆ ಬೋಲ್ಟುಗಳು ಸಡಿಲಾಗುತ್ತವೆ, ತಗಡು ಬಿರುಕು ಬಿಡುತ್ತದೆ, ಹಿಡಿಕೆಯ ಮೂಲಕ ಸವಾರನ ಬೆರಳುಗಳಿಗೂ ನಡುಕ ಬರುತ್ತದೆ. ಚಳಿಗೆ ಮೊದಲೇ ಸೆಡೆತ ಬೆರಳಿಗೆ ನಡುಕವೂ ಸೇರಿದರೆ ರಕ್ತದ ಓಡಾಟ ಇನ್ನಷ್ಟು ಕುಗ್ಗಿ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುತ್ತದೆ. ಫಿನ್ಲೆಂಡ್, ಸ್ವೀಡನ್‌ಗಳ ಉತ್ತರದಲ್ಲಿ ಹಿಮಸಾರಂಗ ಕಾಯುವ ಸಾಮಿ ಜನರಿಗೆ ಸ್ನೋಮೊಬೈಲು ಮೋಜಿನ ಗಾಡಿಯಲ್ಲ, ದಿನದ ದುಡಿಮೆಯ ಸಾಧನ. ಅಂಥವರಿಗೆ ಇದು ಸಣ್ಣ ತೊಂದರೆಯಲ್ಲ.

ಹೀಗಾಗಿ ರಬ್ಬರು ಬೇಕೇ ಬೇಕು. ಆದರೆ ನಡುಕಕ್ಕೆ ಮಣಿಯುವ ರಬ್ಬರು ಎಳೆತಕ್ಕೂ ಮಣಿಯುತ್ತದಲ್ಲ!

ಎಳೆತ ಎಷ್ಟೆಂದು ಒಂದು ಲೆಕ್ಕ ಮಾಡಿ ನೋಡೋಣ. ಎಂಜಿನ್ 100 ಅಶ್ವಶಕ್ತಿಯದು, ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. 100 ಅಶ್ವಶಕ್ತಿ ಎಂದರೆ 74,600 ವಾಟ್. 8,000 ಸುತ್ತು ಎಂದರೆ ಸೆಕೆಂಡಿಗೆ 838 ರೇಡಿಯನ್. ಭಾಗಿಸಿದರೆ ತಿರುಗಿಸುವ ಬಲ, ಅಂದರೆ ಟಾರ್ಕ್, 89 ನ್ಯೂಟನ್ ಮೀಟರ್. ಬೆಲ್ಟು ಮುಂದಿನ ಕ್ಲಚ್ಚಿನಲ್ಲಿ 5 ಸೆಂಟಿಮೀಟರ್ ತ್ರಿಜ್ಯದಲ್ಲಿ ಓಡುತ್ತಿದ್ದರೆ ಅದರ ಬಿಗಿ ಎಳೆಗೂ ಸಡಿಲ ಎಳೆಗೂ ನಡುವಿನ ವ್ಯತ್ಯಾಸ 89ನ್ನು 0.05ರಿಂದ ಭಾಗಿಸಿದಷ್ಟು, ಎಂದರೆ 1,780 ನ್ಯೂಟನ್. ಸುಮಾರು 180 ಕಿಲೋ ತೂಕ. ಎರಡು ಕ್ವಿಂಟಲ್ ಮೂಟೆಗಳಿಗೆ ಸ್ವಲ್ಪವೇ ಕಡಿಮೆ. ಎರಡೂ ಎಳೆಗಳು ಎಂಜಿನ್ನನ್ನು ಹಿಂದಕ್ಕೇ ಜಗ್ಗುವುದರಿಂದ ಒಟ್ಟು ಎಳೆತ ಇದಕ್ಕಿಂತ ಹೆಚ್ಚು.

ಈ ಎಳೆತ ಎಂಜಿನ್ನಿನ ಮಧ್ಯಕ್ಕೆ ಬಿದ್ದಿದ್ದರೆ ಅಷ್ಟು ತಾಪತ್ರಯವಿರಲಿಲ್ಲ. ಕ್ಲಚ್ಚು ಇರುವುದು ಎಂಜಿನ್ನಿನ ಒಂದು ತುದಿಯಲ್ಲಿ. ಬಾಗಿಲನ್ನು ಹಿಡಿಕೆಯ ಬಳಿ ಎಳೆದಾಗ ಅದು ಕೀಲಿನ ಸುತ್ತ ತಿರುಗುವುದಿಲ್ಲವೇ, ಹಾಗೆ ಎಂಜಿನ್ ತಿರುಚಿಕೊಳ್ಳುತ್ತದೆ. ಕ್ಲಚ್ಚಿನ ಕಡೆಯ ತುದಿ ಹಿಂದಕ್ಕೆ, ಇನ್ನೊಂದು ತುದಿ ಮುಂದಕ್ಕೆ. ಮೌಂಟಿಂಗುಗಳ ನಡುವಿನ ಅಂತರ 30 ಸೆಂಟಿಮೀಟರ್, ಅವುಗಳಲ್ಲಿ ಒಂದು 3 ಮಿಲಿಮೀಟರ್ ಹಿಂದೆ ಸರಿಯಿತು ಎನ್ನಿ. ಎಂಜಿನ್ನಿನ ದಂಡ ನೂರಕ್ಕೆ ಒಂದರಷ್ಟು ಓರೆಯಾಯಿತು. ಹಿಂದಿನ ಕ್ಲಚ್ಚು 28 ಸೆಂಟಿಮೀಟರ್ ದೂರದಲ್ಲಿದ್ದರೆ ಅಲ್ಲಿಗೆ ತಲುಪುವ ಹೊತ್ತಿಗೆ ಬೆಲ್ಟಿನ ಹಾದಿ 2.8 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಸಮರೂಪ ತ್ರಿಭುಜಗಳ ಪಾಠ ಓದಿದವರಿಗೆ ಇದು ಸುಲಭದ ಲೆಕ್ಕ. ಜೊತೆಗೆ ಎರಡು ಕ್ಲಚ್ಚುಗಳ ನಡುವಿನ ದೂರವೂ ಅಷ್ಟಿಷ್ಟು ಕಡಿಮೆಯಾಗಿ ಬೆಲ್ಟು ಸಡಿಲಾಗುತ್ತದೆ.

ಮನೆಯಲ್ಲೇ ನೋಡಬೇಕೆಂದರೆ ಹೀಗೆ ಮಾಡಿ. ಒಂದು ಹಲಗೆ, ನೂಲು ಮುಗಿದ ಎರಡು ರೀಲುಗಳು, ಎರಡು ಉದ್ದ ಮೊಳೆ, ಒಂದು ರಬ್ಬರ್ ಬ್ಯಾಂಡ್ ಸಾಕು. ಮೊಳೆ ಹೊಡೆಯುವ ಕೆಲಸ ಅಪ್ಪನದೋ ಅಮ್ಮನದೋ ಇರಲಿ. ರೀಲುಗಳನ್ನು ಮೊಳೆಗಳಿಗೆ ಹಾಕಿ, ಬ್ಯಾಂಡನ್ನು ಸುತ್ತಿ, ಒಂದು ರೀಲನ್ನು ತಿರುಗಿಸಿ, ಇನ್ನೊಂದನ್ನು ಬೆರಳಿನಿಂದ ಮೆಲ್ಲಗೆ ತಡೆಯಿರಿ. ಬ್ಯಾಂಡು ನೇರವಾಗಿ ಓಡುತ್ತದೆ. ಈಗ ಒಂದು ಮೊಳೆಯನ್ನು ಕಿತ್ತು, ಹಳೆಯ ಹವಾಯಿ ಚಪ್ಪಲಿಯ ತುಂಡೊಂದನ್ನು ಹಲಗೆಗೆ ಅಂಟಿಸಿ, ಮೊಳೆಯನ್ನು ಹಲಗೆಗೆ ತಾಗದಂತೆ ಆ ತುಂಡಿನೊಳಗಷ್ಟೇ ನಿಲ್ಲಿಸಿ. ತಿರುಗಿಸಿದ ಕೂಡಲೇ ಮೊಳೆ ಎದುರಿನ ರೀಲಿನತ್ತ ವಾಲುತ್ತದೆ, ಬ್ಯಾಂಡು ತನ್ನ ಜಾಗ ಬಿಟ್ಟು ಸರಿಯಲು ತೊಡಗುತ್ತದೆ. ಬೆರಳನ್ನು ಎಷ್ಟು ಒತ್ತಿ ತಡೆದರೆ ಅಷ್ಟು ವಾಲು. ಈ ಹಲಗೆಯನ್ನು ಕಿತ್ತುಹಾಕಬೇಡಿ, ಇನ್ನೊಮ್ಮೆ ಬೇಕಾಗುತ್ತದೆ.

ಓರೆಯಾದ ಬೆಲ್ಟಿಗೆ ಏನಾಗುತ್ತದೆ? ಮೇಲಿನ ಲೆಕ್ಕದಲ್ಲೇ ಬೆಲ್ಟಿನ ವೇಗ ಸೆಕೆಂಡಿಗೆ 42 ಮೀಟರ್, ಗಂಟೆಗೆ 150 ಕಿಲೋಮೀಟರ್. ಆ ವೇಗದಲ್ಲಿ ಅದರ ಒಂದು ಮಗ್ಗುಲು ತಟ್ಟೆಯನ್ನು ಉಜ್ಜುತ್ತ ಒಳಗೆ ನುಗ್ಗುತ್ತದೆ. ಉಜ್ಜಿದ್ದೆಲ್ಲ ಶಾಖವಾಗುತ್ತದೆ. 100 ಅಶ್ವಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಶಾಖವಾಗಿ ಹೋದರೂ ಅದು 7,460 ವಾಟ್. 750 ವಾಟಿನ ಹತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಂದು ಸಣ್ಣ ಗೂಡಿನಲ್ಲಿ ಹಚ್ಚಿಟ್ಟ ಹಾಗೆ. ಹೊರಗೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿ, ಮುಚ್ಚಳದೊಳಗೆ ಮಾತ್ರ ಬೆಲ್ಟು ಬೇಯುತ್ತಿರುತ್ತದೆ. ಅದರ ಮಗ್ಗುಲು ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ, ಹಿಡಿತ ತಪ್ಪಿದ್ದರಿಂದ ಇನ್ನಷ್ಟು ಜಾರಿ ಇನ್ನಷ್ಟು ಬಿಸಿಯಾಗುತ್ತದೆ. ಅಂಚಿನ ಹುರಿ ಎಳೆ ಎಳೆಯಾಗಿ ಹೊರಬರುತ್ತದೆ. ಒಳಗೆಲ್ಲ ಕರಿಯ ಪುಡಿ. ಕೊನೆಗೊಂದು ಸಲ ‘ಢಬ್’ ಎಂದು ಹರಿದಾಗ ಚೂರುಗಳು ಸಿಡಿಯದಿರಲೆಂದೇ ಬೆಲ್ಟಿನ ಮೇಲೊಂದು ಗಟ್ಟಿ ಕವಚ ಹಾಕಿರುತ್ತಾರೆ. ಎಂಜಿನ್ ಅರಚುತ್ತದೆ, ವಾಹನ ನಿಂತಲ್ಲೇ ನಿಲ್ಲುತ್ತದೆ.

ನಮ್ಮೂರಿನಲ್ಲಿ ಸ್ಕೂಟರಿನ ಬೆಲ್ಟು ಹರಿದರೆ ತಳ್ಳಿಕೊಂಡು ಗ್ಯಾರೇಜಿಗೆ ಹೋಗಬಹುದು, ದಾರಿಯಲ್ಲಿ ಎಳನೀರು ಕುಡಿಯಬಹುದು. ಸೊಂಟದುದ್ದ ಹಿಮದ ಬೆಟ್ಟದಲ್ಲಿ, ಸಂಜೆಯಾಗುತ್ತಿರುವಾಗ, ಊರಿನಿಂದ 30 ಕಿಲೋಮೀಟರ್ ದೂರದಲ್ಲಿ ಇದಾದರೆ ಅದು ಜೀವದ ಪ್ರಶ್ನೆ. ಹಿಮದಲ್ಲಿ ಸಿಕ್ಕಿಬೀಳಬಾರದೆಂದು ಹುಟ್ಟಿದ ವಾಹನವೇ ಮನುಷ್ಯನನ್ನು ಹಿಮದ ನಡುವೆ ಬಿಟ್ಟಂತೆ. ಅನುಭವಸ್ಥರು ಒಂದು ಬದಲಿ ಬೆಲ್ಟನ್ನು ಜೊತೆಗಿಟ್ಟುಕೊಳ್ಳದೆ ಹೊರಡುವುದಿಲ್ಲ. ಆದರೆ ಬದಲಿ ಬೆಲ್ಟನ್ನು ಹಾಕಿ, ಅದೂ ಹರಿದರೆ? ಕಾರಣ ಮೌಂಟಿಂಗಿನಲ್ಲಿದ್ದರೆ ಎರಡನೆಯದೂ ಮೊದಲನೆಯದರ ದಾರಿಯನ್ನೇ ಹಿಡಿಯುತ್ತದೆ.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಹೊಳೆಯುವ ಉಪಾಯ, ಮೌಂಟಿಂಗಿಗೆ ಇನ್ನೂ ಗಟ್ಟಿ ರಬ್ಬರು ಹಾಕುವುದು. ಅಂಗಡಿಯಲ್ಲಿ ಅಂಥವು ಸಿಗುತ್ತವೆ. ರಬ್ಬರಿನ ಗಡಸುತನವನ್ನು ‘ಶೋರ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾರಿನ ಟೈರಿನ ಮೇಲ್ಮೈ ಸುಮಾರು 65ರಿಂದ 70. ಮೌಂಟಿಂಗಿಗೆ ಬಳಸುವ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ಅದಕ್ಕೂ ಗಟ್ಟಿಯಾಗಿ ಮಾಡಬಹುದು. ರಬ್ಬರೇ ಇಲ್ಲದ ಇಡೀ ಅಲ್ಯೂಮಿನಿಯಂ ತುಂಡುಗಳೂ ಇವೆ, ಕೆಲವೇ ಕ್ಷಣ ಓಡಿ ಮುಗಿಸುವ ಪಂದ್ಯದ ಗಾಡಿಗಳಿಗೆ ಅವು ಸರಿ. ಉಳಿದವರು ಸ್ವಲ್ಪ ತಡೆದು ಯೋಚಿಸಬೇಕು.

ನಿಲ್ದಾಣದಲ್ಲಿ ನಿಂತ ಹಳೆಯ ಬಸ್ಸಿನ ಕಿಟಕಿಗಾಜು ಗಡಗಡ ನಡುಗುವುದನ್ನು ನೋಡಿದ್ದೀರಿ. ಬಸ್ಸು ಹೊರಟು ಎಂಜಿನ್ ವೇಗ ಹಿಡಿದ ಕೂಡಲೇ ಗಾಜು ತೆಪ್ಪಗಾಗುತ್ತದೆ. ವೇಗ ಹೆಚ್ಚಿದರೆ ನಡುಕ ಹೆಚ್ಚಬೇಕಿತ್ತಲ್ಲ? ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಸಹಜ ಆವೃತ್ತಿ ಇದೆ. ಹೊರಗಿನ ಅಲುಗಾಟ ಅದಕ್ಕೆ ಹೊಂದಿದಾಗ ನಡುಕ ವಿಪರೀತವಾಗುತ್ತದೆ, ಇದೇ ಅನುರಣನ. ರಬ್ಬರಿನ ಮೇಲೆ ಕೂತ ಎಂಜಿನ್ನಿಗೂ ಇಂಥ ಸಹಜ ಆವೃತ್ತಿ ಇದೆ. ಎಂಜಿನ್ನಿನ ಅಲುಗಾಟ ಆ ಆವೃತ್ತಿಯ 1.4 ಪಟ್ಟಿಗಿಂತ ಮೇಲಿದ್ದಾಗ ಮಾತ್ರ ರಬ್ಬರು ನಡುಕವನ್ನು ತಗ್ಗಿಸುತ್ತದೆ. ಅದಕ್ಕಿಂತ ಕೆಳಗಿದ್ದರೆ ತಗ್ಗಿಸುವ ಬದಲು ಹೆಚ್ಚಿಸುತ್ತದೆ!

ಲೆಕ್ಕಕ್ಕಾಗಿ ಮೆತ್ತನೆಯ ಮೌಂಟಿಂಗಿನಲ್ಲಿ ಈ ಆವೃತ್ತಿ ಸೆಕೆಂಡಿಗೆ 12 ಎನ್ನೋಣ. ಸುಮ್ಮನೆ ಓಡುವ ಎಂಜಿನ್ನಿನದು 25, ಎರಡು ಪಟ್ಟಿಗೂ ಹೆಚ್ಚು. ನಡುಕದ ಮೂರನೆಯ ಒಂದು ಪಾಲಿನಷ್ಟೇ ವಾಹನದ ಮೈಗೆ ದಾಟುತ್ತದೆ. ಈಗ ಎರಡು ಪಟ್ಟು ಗಟ್ಟಿಯಾದ ಮೌಂಟಿಂಗ್ ಹಾಕಿ. ಸಹಜ ಆವೃತ್ತಿ ಗಟ್ಟಿತನದ ವರ್ಗಮೂಲದಂತೆ ಏರುವುದರಿಂದ ಅದು 17 ಆಗುತ್ತದೆ, ಹೆಚ್ಚುಕಡಿಮೆ ಎಲ್ಲ ನಡುಕವೂ ದಾಟಿಬಿಡುತ್ತದೆ. ನಾಲ್ಕು ಪಟ್ಟು ಗಟ್ಟಿಯಾದದ್ದನ್ನು ಹಾಕಿದಿರೋ, ಆವೃತ್ತಿ 24ಕ್ಕೆ ಬಂತು. ಎಂಜಿನ್ನಿನ 25ರ ಪಕ್ಕದಲ್ಲೇ! ಬಸ್ಸಿನ ಗಾಜಿನ ಕಥೆ ಈಗ ಇಡೀ ವಾಹನಕ್ಕೆ. ಬೆಲ್ಟನ್ನು ಉಳಿಸಲು ಹೋಗಿ ಬೋಲ್ಟುಗಳನ್ನೂ ಬೆರಳುಗಳನ್ನೂ ಕಳೆದುಕೊಳ್ಳುವ ಬಾಬತ್ತು.

ಹಾಗಾದರೆ ದಾರಿ ಏನು? ಇಲ್ಲಿ ಎಂಜಿನಿಯರುಗಳು ಒಂದು ಸೂಕ್ಷ್ಮವನ್ನು ಹಿಡಿದರು. ನಡುಕ ಎಂದರೆ ವೇಗವಾದ, ಆದರೆ ಬಹಳ ಚಿಕ್ಕ ಅಲುಗಾಟ. ಬೆಲ್ಟಿನ ಎಳೆತದಿಂದ ಆಗುವ ತಿರುಚು ನಿಧಾನದ್ದು, ಆದರೆ ಕೆಲವು ಮಿಲಿಮೀಟರುಗಳಷ್ಟು ದೊಡ್ಡದು. ಚಿಕ್ಕದಕ್ಕೆ ದಾರಿಬಿಟ್ಟು ದೊಡ್ಡದಕ್ಕೆ ಅಡ್ಡ ನಿಂತರೆ ಸಾಕಲ್ಲವೇ? ಅದಕ್ಕೆಂದೇ ‘ಟಾರ್ಕ್ ಸ್ಟಾಪ್’ ಎಂಬ ಸಣ್ಣ ಬಿಡಿಭಾಗವಿದೆ. ತಲೆಗೆ ರಬ್ಬರು ಹಾಕಿದ ಒಂದು ಬೋಲ್ಟು, ಅಷ್ಟೇ. ಎಂಜಿನ್ನಿನ ಪಕ್ಕದಲ್ಲಿ, ಅದು ವಾಲುವ ದಿಕ್ಕಿನಲ್ಲಿ, ಸಣ್ಣ ಸಂದು ಬಿಟ್ಟು ನಿಂತಿರುತ್ತದೆ. ಎಂಜಿನ್ ಗುರುಗುಟ್ಟುವಾಗ ಅದು ತಾಗುವುದೇ ಇಲ್ಲ, ಮೆತ್ತನೆಯ ಮೌಂಟಿಂಗುಗಳೇ ನಡುಕವನ್ನು ನುಂಗುತ್ತವೆ. ಸವಾರ ಪೂರಾ ವೇಗ ಕೊಟ್ಟಾಗ ಎಂಜಿನ್ ಸ್ವಲ್ಪ ತಿರುಚಿ, ಬೋಲ್ಟಿಗೆ ಒರಗಿ ನಿಲ್ಲುತ್ತದೆ. ಆಗ ನಡುಕ ಕೊಂಚ ದಾಟಬಹುದು, ಆದರೆ ಆಗಿನ ಆವೃತ್ತಿ 133, ತೊಂದರೆಯ ವಲಯದಿಂದ ಬಹಳ ಮೇಲೆ. ಎತ್ತಿಟ್ಟ ಹಲಗೆಯನ್ನು ಈಗ ತೆಗೆಯಿರಿ. ಚಪ್ಪಲಿ ತುಂಡಿನ ಮೊಳೆಯ ಮುಂದೆ, ಕೂದಲೆಳೆಯ ಸಂದು ಬಿಟ್ಟು, ಮರದ ಚೂರೊಂದನ್ನು ಗಟ್ಟಿಯಾಗಿ ಅಂಟಿಸಿ, ಒಣಗಿದ ಮೇಲೆ ರೀಲನ್ನು ತಿರುಗಿಸಿ. ಮೊಳೆ ಅಲುಗುತ್ತದೆ, ಮೊದಲಿನಷ್ಟು ವಾಲುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಂಜಿನ್ನನ್ನೂ ಹಿಂದಿನ ಕ್ಲಚ್ಚಿನ ದಂಡವನ್ನೂ ಲೋಹದ ಪಟ್ಟಿಯಿಂದ ಜೋಡಿಸಿ ಅವುಗಳ ಅಂತರ ಬದಲಾಗದಂತೆ ಮಾಡುವ ವಿನ್ಯಾಸಗಳೂ ಬಂದಿವೆ. ನಮ್ಮ ಸ್ಕೂಟರಿನ ಒಂದೇ ಪೆಟ್ಟಿಗೆಯ ವಿದ್ಯೆಗೆ ಇದು ಹತ್ತಿರ.

ಆದ್ದರಿಂದ ಮೌಂಟಿಂಗ್ ಬದಲಿಸುವ ಜಾಣ ಮೆಕ್ಯಾನಿಕ್ಕು ಮೊದಲು ಅಂಗಡಿಗೆ ಓಡುವುದಿಲ್ಲ. ಸನ್ನೆಕೋಲು ಹಾಕಿ ಎಂಜಿನ್ನನ್ನು ಮೆಲ್ಲಗೆ ಮೀಟಿ, ಯಾವ ಮೌಂಟಿಂಗ್ ಅತಿಯಾಗಿ ಮಣಿಯುತ್ತದೆ ಎಂದು ನೋಡುತ್ತಾನೆ. ರಬ್ಬರಿಗೆ ವಯಸ್ಸಾಗುತ್ತದೆ. ಎಂಜಿನ್ನಿನ ಬಿಸಿಗೆ ಬಿರಿಯುತ್ತದೆ, ಸೋರಿದ ಪೆಟ್ರೋಲು ಎಣ್ಣೆಗಳಿಂದ ಊದಿ ಮೆತ್ತಗಾಗುತ್ತದೆ, ಲೋಹದಿಂದ ಬೆಸುಗೆ ಬಿಡುತ್ತದೆ. ಎಷ್ಟೋ ಸಲ ದುಬಾರಿ ಗಟ್ಟಿ ಮೌಂಟಿಂಗ್ ಬೇಕಿಲ್ಲ, ಹಳೆಯದರ ಜಾಗಕ್ಕೆ ಅಂಥದೇ ಹೊಸದನ್ನು ಹಾಕಿ ಟಾರ್ಕ್ ಸ್ಟಾಪಿನ ಸಂದನ್ನು ಸರಿಪಡಿಸಿದರೆ ಸಾಕು. ಬೇಕೇ ಬೇಕೆಂದಾದರೆ ಎಲ್ಲವನ್ನೂ ಕಲ್ಲಿನಂತೆ ಮಾಡದೆ, ಹೆಚ್ಚು ಎಳೆತ ಬೀಳುವ ಕ್ಲಚ್ಚಿನ ಕಡೆಯವನ್ನು ಒಂದು ಹಂತ ಗಟ್ಟಿ ಮಾಡಿದರೆ ನಡುಕವೂ ಮಿತಿಯಲ್ಲಿರುತ್ತದೆ.

ಗಟ್ಟಿ ಮೌಂಟಿಂಗ್ ಹಾಕಿದವರು ಎಡವುವ ಇನ್ನೊಂದು ಜಾಗವಿದೆ. ಕ್ಲಚ್ಚುಗಳ ನೇರವನ್ನು ನೋಡಲು ಬೆಲ್ಟನ್ನು ತೆಗೆದು ಅದರ ಜಾಗದಲ್ಲಿ ಒಂದು ನೇರ ಉಕ್ಕಿನ ಸರಳನ್ನು ಇಟ್ಟು ಅಳೆಯುತ್ತಾರೆ. ಗಿರಣಿಯವನ ದಾರವೇ ಇದು. ಸರಳಿನ ಮುಂದಿನ ತುದಿಯ ಅಳತೆ, ಹಿಂದಿನ ತುದಿಯ ಅಳತೆ ಎರಡೂ ಒಂದೇ ಬಂದರೆ ಸಂತೋಷಪಡಬೇಕೆಂದು ನಾವು ತಿಳಿಯುತ್ತೇವೆ. ಸ್ಕೀ-ಡೂ ಗಾಡಿಗಳ ದುರಸ್ತಿ ಕೈಪಿಡಿಗಳಲ್ಲಿ ಹಿಂದಿನ ಅಳತೆ ಮುಂದಿನದಕ್ಕಿಂತ ಬೇಕೆಂದೇ ಸ್ವಲ್ಪ ಹೆಚ್ಚಿರಬೇಕು ಎಂದಿರುತ್ತದೆ! ತಪ್ಪಲ್ಲ. ಅಳೆಯುವುದು ಎಂಜಿನ್ ನಿಂತಾಗ, ಓಡುವಾಗ ಅದು ತಿರುಚಿಕೊಳ್ಳುವುದು ಖಚಿತ. ಆದ್ದರಿಂದ ಮೊದಲೇ ಎದುರು ದಿಕ್ಕಿಗೆ ಅಷ್ಟು ಓರೆ ಇಟ್ಟರೆ, ಎಳೆತ ಬಿದ್ದಾಗ ಸರಿಯಾಗಿ ನೇರಕ್ಕೆ ಬರುತ್ತದೆ. ಗಾಳಿಗೆ ದೋಣಿ ಸರಿಯುವುದನ್ನು ಲೆಕ್ಕ ಹಾಕಿ ಅಂಬಿಗ ಸ್ವಲ್ಪ ಮೇಲಕ್ಕೆ ಗುರಿಯಿಟ್ಟ ಹಾಗೆ.

ಈ ಓರೆಯನ್ನು ನಿರ್ಧರಿಸಿದ್ದು ಕಾರ್ಖಾನೆಯ ಮೆತ್ತನೆಯ ಮೌಂಟಿಂಗಿನ ಲೆಕ್ಕದಲ್ಲಿ. ಗಟ್ಟಿ ಮೌಂಟಿಂಗ್ ಹಾಕಿದ ಮೇಲೆ ಎಂಜಿನ್ ಅಷ್ಟು ತಿರುಚುವುದಿಲ್ಲ. ಹಳೆಯ ಓರೆಯನ್ನು ಹಾಗೇ ಬಿಟ್ಟರೆ ಈಗ ಬೆಲ್ಟು ಇನ್ನೊಂದು ಮಗ್ಗುಲಿಗೆ ಉಜ್ಜುತ್ತದೆ. ಹಣ ಖರ್ಚಾಯಿತು, ಬೆಲ್ಟು ಹರಿಯುವುದು ನಿಲ್ಲಲಿಲ್ಲ, ‘ಮೌಂಟಿಂಗೇ ಕಳಪೆ’ ಎಂಬ ಬೈಗುಳ ಬೇರೆ. ಮೌಂಟಿಂಗ್ ತಯಾರಿಸಿದವರು ಬೇರೆ ಅಳತೆ ಕೊಟ್ಟಿದ್ದರೆ ಅದರಂತೆ ತೆಳು ಬಿಲ್ಲೆಗಳನ್ನು ಹಾಕಿ ಅಥವಾ ತೆಗೆದು ಕ್ಲಚ್ಚನ್ನು ಮತ್ತೆ ಕೂರಿಸಬೇಕು.

ಆಮೇಲೆ ಹೊಸ ಬೆಲ್ಟು ಹಾಕಿ, ಊರ ಹತ್ತಿರದಲ್ಲೇ ಹದವಾದ ವೇಗದಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿಸುತ್ತಾರೆ. ಎಂಜಿನ್ ಆರಿಸಿ, ಎಲ್ಲ ತಿರುಗುವುದು ನಿಂತ ಮೇಲೆ, ಮುಚ್ಚಳ ತೆಗೆದು ಎರಡೂ ಕ್ಲಚ್ಚುಗಳ ಹತ್ತಿರ ಕೈ ತಂದು ನೋಡುತ್ತಾರೆ. ಬೆಚ್ಚಗಿದ್ದರೆ ಸರಿ, ಮರುದಿನ ಬೆಟ್ಟಕ್ಕೆ ಹೋಗಬಹುದು. ಬೆರಳು ತಾಗಿಸಲಾರದಷ್ಟು ಸುಡುತ್ತಿದ್ದರೆ ಬೆಲ್ಟು ಎಲ್ಲೋ ಜಾರುತ್ತಿದೆ ಅಥವಾ ಉಜ್ಜುತ್ತಿದೆ. ಸರಳನ್ನು ಮತ್ತೆ ಹೊರಗೆ ತೆಗೆಯಬೇಕು.